ಕೂತರೆ ಚುಚ್ಚುತ್ತದೆ, ನಿಂತರೆ ಜಾರುತ್ತದೆ: ರಿವಾಲ್ವರಿಗೆ ಯಾವ ಹೋಲ್‌ಸ್ಟರ್ ಸರಿ?

ಚೆಂಬೂರ್ ಗಲ್ಲಾ
ಎಲ್ಲರಿಗೂ ನಮಸ್ಕಾರ. ಚೆಂಬೂರಿನಲ್ಲಿ ನನ್ನದೊಂದು ಸಣ್ಣ ಹೋಟೆಲ್ ಉಂಟು. ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದು, ದಿನದ ಹಣ ಹಿಡಿದುಕೊಂಡು ಮನೆಗೆ ಹೋಗುವವ ನಾನೇ. ಹಿಂದೊಮ್ಮೆ ಬೈಕಿನಲ್ಲಿ ಬಂದ ಇಬ್ಬರು ಬ್ಯಾಗ್ ಕಿತ್ತುಕೊಂಡು ಹೋದರು, ನಾನು ಬಿದ್ದು ಮೊಣಕೈ ಮುರಿಯಿತು. ಆಮೇಲೆ ಅರ್ಜಿ, ವಿಚಾರಣೆ, ತರಬೇತಿ ಎಲ್ಲ ಮುಗಿದು ಲೈಸೆನ್ಸ್ ಸಿಕ್ಕಿತು. ಕಾನ್ಪುರದ ಕಾರ್ಖಾನೆಯ, ಪಾಯಿಂಟ್ 32 ಅಳತೆಯ ಗುಂಡಿನ ರಿವಾಲ್ವರ್ ತೆಗೆದುಕೊಂಡೆ.

ಈಗಿನ ತಾಪತ್ರಯ ಹೋಲ್‌ಸ್ಟರಿನದ್ದು, ಅಂದರೆ ರಿವಾಲ್ವರ್ ಹಾಕಿ ಮೈಗೆ ಕಟ್ಟಿಕೊಳ್ಳುವ ಚೀಲದ್ದು. ಅಂಗಡಿಯವರು ಜೊತೆಗೆ ಒಂದು ನೈಲಾನ್ ಚೀಲ ಕೊಟ್ಟರು, ಹಿಂದೆ ಒಂದು ಕ್ಲಿಪ್ಪು. ಪ್ಯಾಂಟಿನ ಒಳಗೆ ಸಿಕ್ಕಿಸಿದರೆ ಗಲ್ಲಾದಲ್ಲಿ ಕೂತಾಗ ಹಿಡಿ ಪಕ್ಕೆಲುಬಿಗೆ ಚುಚ್ಚುತ್ತದೆ. ಎದ್ದು ಮೇಲಿನ ಶೆಲ್ಫಿನಿಂದ ಬಿಲ್ ಪುಸ್ತಕ ತೆಗೆಯಲು ಹೋದರೆ ಅಂಗಿ ಮೇಲೆ ಹೋಗಿ ಕಾಣುತ್ತದೆ. ಬೆವರಂತೂ ಕೇಳಬೇಡಿ. ಹೊಟ್ಟೆ ಸ್ವಲ್ಪ ಉಂಟು, ವಯಸ್ಸು ಐವತ್ತೆರಡು. ಆರಾಮಾಗಿ ಇಟ್ಟುಕೊಳ್ಳುವ ದಾರಿ ಗೊತ್ತಿದ್ದವರು ಹೇಳಿ ಮಾರಾಯ್ರೆ.

ಡೊಂಬಿವಲಿ ಲೋಕಲ್
ಭುಜಕ್ಕೆ ಹಾಕುವುದು ತಗೊಳ್ಳಿ ಸಾರ್. ಸಿನಿಮಾ ಪೊಲೀಸರ ಹಾಗೆ ಎರಡೂ ಕಡೆ ಬೆಲ್ಟು. ಗಿರಾಕಿ ಬಿಲ್ ಕೊಡದೆ ಎದ್ದು ಹೋಗುವುದಿಲ್ಲ.

ಚೆಂಬೂರ್ ಗಲ್ಲಾ
ಅದರ ಮೇಲೆ ಕೋಟು ಹಾಕಬೇಕು. ಮೇ ತಿಂಗಳಲ್ಲಿ ಕೋಟು ಹಾಕಿ ಗಲ್ಲಾದಲ್ಲಿ ಕೂತವನನ್ನು ಕಂಡರೆ ಗಿರಾಕಿ ಮೊದಲು ಡಾಕ್ಟರನ್ನು ಕರೆಯುತ್ತಾನೆ.

ವಾನವಡಿ ಸುಬೇದಾರ್
ಪುಣೆಯಿಂದ ಬರೆಯುತ್ತಿದ್ದೇನೆ. ಸೈನ್ಯದಲ್ಲಿ ಇಪ್ಪತ್ತಾರು ವರ್ಷ, ಈಗ ನಿವೃತ್ತ. ಊರು ಕೊಡಗು.

ಆ ನೈಲಾನ್ ಚೀಲವನ್ನು ಮೊದಲು ಬಿಸಾಡಿ. ಮೆತ್ತಗಿದೆ, ಹಾಗಾಗಿ ಆರಾಮ ಅಂತ ಎಲ್ಲರೂ ಅಲ್ಲೇ ಮೋಸ ಹೋಗುತ್ತಾರೆ. ಮೆತ್ತನೆಯ ಚೀಲ ಮಾಡುವ ಅನಾಹುತ ಮೂರು. ರಿವಾಲ್ವರ್ ತೆಗೆದ ಕೂಡಲೇ ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ವಾಪಸ್ ಹಾಕಲು ಎರಡು ಕೈ ಬೇಕು, ಆಗ ಬಾಯಿ ಅಗಲಿಸುತ್ತಿರುವ ನಿಮ್ಮದೇ ಎಡಗೈ ನಳಿಕೆಯ ಮುಂದೆ ಬರುತ್ತದೆ. ಎರಡನೆಯದು, ಹೊರಗಿನಿಂದ ಏನಾದರೂ ಒತ್ತಿದರೆ ಬಟ್ಟೆಯ ಮೂಲಕವೇ ಟ್ರಿಗರ್ ಒತ್ತಿಹೋಗಬಹುದು. ಮೂರನೆಯದನ್ನು ನೀವೇ ಬರೆದಿದ್ದೀರಿ. ತೂಕಕ್ಕೆ ತಕ್ಕ ಗಟ್ಟಿತನವಿಲ್ಲ, ಅದಕ್ಕೇ ವಾಲಿ ಪಕ್ಕೆಗೆ ಚುಚ್ಚುತ್ತದೆ. ಆರಾಮ ಬರುವುದು ಗಟ್ಟಿ ಹೋಲ್‌ಸ್ಟರಿನಿಂದ. ಒಳ್ಳೆಯ ಚಪ್ಪಲಿಯ ಅಟ್ಟೆ ಗಟ್ಟಿಯಾಗಿಯೇ ಇರುತ್ತದಲ್ಲ, ಹಾಗೆ.

ಕೊಳ್ಳುವ ಮೊದಲು ಖಾಲಿ ರಿವಾಲ್ವರಿನಲ್ಲಿ ಪರೀಕ್ಷೆ ಮಾಡಿ. ಸಿಲಿಂಡರ್ ತೆರೆದು ಆರೂ ಕೋಣೆ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಆಮೇಲೆ ಹೋಲ್‌ಸ್ಟರಿಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಬಿದ್ದರೆ ಬೇಡ. ಟ್ರಿಗರಿನ ಸುತ್ತಲಿನ ಕಬ್ಬಿಣದ ಬಳೆ ಪೂರ್ತಿ ಮುಚ್ಚಿದೆಯಾ ನೋಡಿ, ಸಂದಿಯಲ್ಲಿ ಕಿರುಬೆರಳು ಹೋಗುವಂತಿದ್ದರೂ ಬೇಡ. ರಿವಾಲ್ವರ್ ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು.

ಹಡಪ್ಸರ್ ಹುಡುಗ
ಇಷ್ಟೆಲ್ಲಾ ಯಾಕ್ರಿ? ನಮ್ಮ ಊರ ಕಡೆ ಒಬ್ಬ ಹಿರ್‍ಯಾರು ಅದಾರ. ಧೋತರದ ನಡದಾಗ ಸಿಗಿಸ್ಕೊಂಡ್ರು ಅಂದ್ರ ಇಡೀ ಸಂತಿ ತಿರಗ್ಯಾಡಿ ಬರ್ತಾರ. ಹೋಲ್‌ಸ್ಟರೂ ಇಲ್ಲ ಪೋಲ್‌ಸ್ಟರೂ ಇಲ್ಲ. ಇಪ್ಪತ್ತ ವರ್ಷ ಆತು, ಏನೂ ಆಗಿಲ್ಲ.

ವಾನವಡಿ ಸುಬೇದಾರ್
ಏನೂ ಆಗಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ. ನಡುವಿನಲ್ಲಿ ಸಿಕ್ಕಿಸಿಕೊಂಡದ್ದು ಜಾರಿದರೆ ಮನುಷ್ಯ ಯೋಚನೆ ಮಾಡದೆ ಕೈ ಹಾಕಿ ಹಿಡಿಯುತ್ತಾನೆ. ಬೆರಳು ಎಲ್ಲಿ ಸಿಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಹಿರಿಯರಿಗೆ ನನ್ನ ನಮಸ್ಕಾರ ಹೇಳಿ, ಪಕ್ಕದಲ್ಲಿ ಮಾತ್ರ ನಡೆಯಬೇಡಿ.

ನಿರ್ವಾಹಕ
ಚರ್ಚೆ ಮುಂದುವರಿಯಲಿ. ಆದರೆ ಹೋಲ್‌ಸ್ಟರ್ ಇಲ್ಲದೆ ಇಟ್ಟುಕೊಳ್ಳುವ ಸಲಹೆಯನ್ನು ಇಲ್ಲಿ ಯಾರೂ ಕೊಡಬೇಡಿ. ಅದು ಬರೀ ಅಪಾಯವಲ್ಲ, ಕಾನೂನಿಗೂ ವಿರುದ್ಧ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್, ಪಿಸ್ತೂಲು ಒಯ್ಯುವವರು ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಬೆನ್ನುಚೀಲದಂಥದ್ದರಲ್ಲಿ ಇಟ್ಟಿರಬೇಕು. ಪೂರ್ತಿ ಮುಚ್ಚಿರಬೇಕು, ಇಟ್ಟುಕೊಂಡವರ ಹತೋಟಿಯಲ್ಲೂ ಇರಬೇಕು. ನಾಲ್ಕು ಜನರ ಮುಂದೆ ತೆಗೆದು ತೋರಿಸಿದರೆ ಲೈಸೆನ್ಸಿಗೇ ಕುತ್ತು. ನಮ್ಮಲ್ಲಿ ಮರೆಮಾಚಿ ಇಟ್ಟುಕೊಳ್ಳುವುದು ಶೋಕಿಯಲ್ಲ, ನಿಯಮ.

ಹಡಪ್ಸರ್ ಹುಡುಗ
ಇದು ಗೊತ್ತಿರಲಿಲ್ರಿ. ಸುಮ್ಮನ ಓದಿಕೋತ ಕೂಡ್ತೀನಿ.

ಚೆಂಬೂರ್ ಗಲ್ಲಾ
ಸುಬೇದಾರ್ ಸಾಹೇಬ್ರೆ, ಗಟ್ಟಿಯದೇ ತೆಗೆದುಕೊಳ್ಳುವ. ಆದರೆ ಎಲ್ಲಿ ಕಟ್ಟುವುದು? ಯೂಟ್ಯೂಬಿನಲ್ಲಿ ಎಲ್ಲರೂ ಹೊಕ್ಕುಳಿನ ಪಕ್ಕ ಮುಂದುಗಡೆ ಇಡುತ್ತಾರೆ. ನಾನು ಹಾಗೆ ಮಾಡಿ ಕೂತರೆ ಹೊಟ್ಟೆ ಅದರ ಮೇಲೆ ಮಲಗುತ್ತದೆ.

ವಾನವಡಿ ಸುಬೇದಾರ್
ಮುಂದೆ ಇಡುವುದು ಸಪೂರ ಇರುವವರಿಗೆ, ಅದೂ ಹೆಚ್ಚು ಹೊತ್ತು ನಿಂತು ಕೆಲಸ ಮಾಡುವವರಿಗೆ. ಕೂತಾಗ ನಳಿಕೆ ತೊಡೆಸಂದಿಗೆ ಗುರಿ ಇಡುತ್ತದೆ, ಅಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ನಿಮಗೆ ಅದು ಬೇಡವೇ ಬೇಡ.

ಗಡಿಯಾರದ ಲೆಕ್ಕದಲ್ಲಿ ಹೇಳುತ್ತೇನೆ. ಹೊಕ್ಕುಳು ಹನ್ನೆರಡು ಗಂಟೆ, ಬಲಸೊಂಟದ ಮೂಳೆ ಮೂರು, ಬೆನ್ನುಮೂಳೆ ಆರು. ಬಲಗೈಯವರಾದರೆ ನಿಮ್ಮ ಜಾಗ ನಾಲ್ಕರ ಹತ್ತಿರ, ಸೊಂಟದ ಮೂಳೆ ದಾಟಿದ ಕೂಡಲೇ ಒಂದು ಸಣ್ಣ ತಗ್ಗು ಇದೆಯಲ್ಲ, ಅಲ್ಲಿ. ಸರಿಯಾಗಿ ಮೂರಕ್ಕೆ ಇಟ್ಟರೆ ಮೂಳೆ ಮೇಲೆ ಕೂತು ಸಂಜೆಗೆ ಚರ್ಮ ಕೆಂಪಾಗುತ್ತದೆ. ಆರಕ್ಕಂತೂ ಇಡಲೇಬೇಡಿ. ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಕಬ್ಬಿಣ ಸೀದಾ ಬೆನ್ನುಮೂಳೆಗೆ, ಹೋಟೆಲ್ ಅಡುಗೆಮನೆಯ ನೆಲ ಹೇಗಿರುತ್ತದೆ ಅಂತ ನನಗಿಂತ ನಿಮಗೆ ಗೊತ್ತು.

ಇನ್ನು ಓರೆ. ಹಿಡಿ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಹದಿನೈದು ಡಿಗ್ರಿಯಷ್ಟು ಸಾಕು. ನೆಟ್ಟಗಿದ್ದರೆ ಹಿಡಿ ಹಿಂದೆ ಚಾಚಿ ಅಂಗಿಯನ್ನು ಡೇರೆಯ ಹಾಗೆ ಎತ್ತುತ್ತದೆ. ಬಗ್ಗಿದಾಗ ಎಲ್ಲರಿಗೂ ಕಾಣುವುದು ಅದೇ. ಏನಾದರೂ ಬಿದ್ದರೆ ಸೊಂಟ ಬಗ್ಗಿಸಬೇಡಿ, ಮೊಣಕಾಲು ಮಡಚಿ ಕೂತು ಎತ್ತಿ.

ಎಲ್ಲಕ್ಕಿಂತ ಮುಖ್ಯ ಬೆಲ್ಟ್. ಹತ್ತು ಜನರಲ್ಲಿ ಒಂಬತ್ತು ಜನ ಹೋಲ್‌ಸ್ಟರಿಗೆ ಬೈಯುತ್ತಾರೆ, ತಪ್ಪು ಬೆಲ್ಟಿನದ್ದು. ಮದುವೆಗೆ ಹಾಕುವ ತೆಳು ಬೆಲ್ಟ್ ಆ ತೂಕಕ್ಕೆ ಮಡಚಿಕೊಳ್ಳುತ್ತದೆ. ಒಂದೂವರೆ ಇಂಚು ಅಗಲದ, ಎರಡು ಪದರ ಚರ್ಮ ಸೇರಿಸಿ ಹೊಲಿದ ಬೆಲ್ಟ್ ಬೇಕು. ಪ್ಯಾಂಟಿನ ಒಳಗೆ ಇಡುವುದಾದರೆ ಪ್ಯಾಂಟು ಎರಡು ಇಂಚು ದೊಡ್ಡದು ಹೊಲಿಸಿ. ಒಳಗೆ ಬನಿಯನ್ ಇರಲಿ, ಹೋಲ್‌ಸ್ಟರಿಗೂ ಚರ್ಮಕ್ಕೂ ನಡುವೆ.

ಸಯಾನ್ ಭಟ್ರು
ಬಟ್ಟೆಯ ವಿಷಯ ಯಾರೂ ಹೇಳಲಿಲ್ಲ. ಹೋಟೆಲಿನವರು ಬಿಳಿ ಅಂಗಿ ಹಾಕುತ್ತಾರೆ, ಬೆವರು ಹಿಡಿದರೆ ಅದು ಗಾಜು. ಗಾಢ ಬಣ್ಣದ ಚೌಕುಳಿ ಅಂಗಿ, ಇನ್ ಮಾಡದೆ, ಒಂದು ಸೈಜ್ ದೊಡ್ಡದು. ಚೌಕುಳಿಯಲ್ಲಿ ಉಬ್ಬು ತಗ್ಗು ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಅಂಗರಕ್ಷಕರೆಲ್ಲ ಸಫಾರಿ ಹಾಕುತ್ತಿದ್ದರು, ಬಟ್ಟೆ ದಪ್ಪ, ಉದ್ದ, ಹೊರಗೆ ಬಿಡುವಂಥದ್ದು. ಈಗ ಸಫಾರಿ ಹಾಕಿದರೆ ಅದೇ ಬೋರ್ಡ್ ಹಾಕಿಕೊಂಡ ಹಾಗೆ.

ಚೆಂಬೂರ್ ಗಲ್ಲಾ
ರಾತ್ರಿ ಕಾರಿನಲ್ಲಿ ಹೋಗುವಾಗ? ಸೀಟ್ ಬೆಲ್ಟಿನ ಕೊಂಡಿ ಹೋಲ್‌ಸ್ಟರಿಗೆ ಅಡ್ಡ ಬರುತ್ತದೆ ಅಂತ ಅಮೆರಿಕದವರೆಲ್ಲ ವಿಡಿಯೋ ಮಾಡಿದ್ದಾರೆ.

ವಾನವಡಿ ಸುಬೇದಾರ್
ಅವರ ಸ್ಟೀರಿಂಗ್ ಎಡಕ್ಕೆ, ಹಾಗಾಗಿ ಕೊಂಡಿ ಬರುವುದು ಬಲಸೊಂಟಕ್ಕೆ. ನಮ್ಮಲ್ಲಿ ಕೊಂಡಿ ಎಡಸೊಂಟಕ್ಕೆ ಬರುತ್ತದೆ. ಬಲಗೈಯವರಿಗೆ ತೊಂದರೆ ಇಲ್ಲ, ಎಡಚರಿಗೆ ಇದೆ. ಬೆಲ್ಟ್ ಹಾಕಿದ ಮೇಲೆ ಅಂಗಿಯ ಅಂಚು ಅದರಡಿಗೆ ಸಿಕ್ಕಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಇಳಿಯುವಾಗ ಅಂಗಿ ಮೇಲೆದ್ದು ಎಲ್ಲ ಬಯಲಾಗುವುದು ಅದರಿಂದಲೇ. ಮತ್ತೆ, ಕಾರಿನಲ್ಲಿ ಬಿಚ್ಚಿ ಡ್ಯಾಶ್‌ಬೋರ್ಡಿನಲ್ಲಿ ಇಡುವ ಚಟ ಬೇಡ. ತೆಗೆದು ಹಾಕಿ ಮಾಡಿದಷ್ಟೂ ಅಪಾಯ. ಬೆಳಿಗ್ಗೆ ಒಮ್ಮೆ ಕಟ್ಟಿದರೆ ರಾತ್ರಿ ಒಮ್ಮೆ ಬಿಚ್ಚಬೇಕು, ಅಷ್ಟೇ.

ಚಾಕಣ ಅಕ್ಕ
ಎಲ್ಲರೂ ಪ್ಯಾಂಟು ಬೆಲ್ಟು ಅಂತ ಬರೀತಿದ್ದೀರಿ. ಸೀರೆ, ಕುರ್ತಾ ಹಾಕುವವರು ಏನು ಮಾಡಬೇಕು? ಚಾಕಣ ಹತ್ತಿರ ನಮ್ಮದು ಪೆಟ್ರೋಲ್ ಪಂಪ್. ಯಜಮಾನರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ನನ್ನ ಹತ್ತಿರ ಇರುವುದು ನಿರ್ಭೀಕ್ ರಿವಾಲ್ವರ್. 2014ರಲ್ಲಿ ಕಾನ್ಪುರದ ಕಾರ್ಖಾನೆಯವರು ಹೆಂಗಸರಿಗೆಂದು ಬಿಟ್ಟದ್ದು, ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕೇಜಿ. ಹೆಂಗಸರಿಗೆಂದು ಮಾಡಿದವರು ಸೀರೆಯಲ್ಲಿ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಮಾತ್ರ ಹೇಳಲಿಲ್ಲ!

ಮೊದಲು ಪರ್ಸಿನಲ್ಲಿ ಇಡುತ್ತಿದ್ದೆ. ಒಂದು ದಿನ ಪಂಪಿನ ಆಫೀಸಿನಲ್ಲಿ ಕುರ್ಚಿಗೆ ಪರ್ಸ್ ನೇತುಹಾಕಿ ಟ್ಯಾಂಕರ್ ಅಳತೆ ನೋಡಲು ಹೋದೆ. ವಾಪಸ್ ಬಂದರೆ ಕೆಲಸದ ಹುಡುಗನ ನಾಲ್ಕು ವರ್ಷದ ಮಗ ಚಾಕಲೇಟ್ ಹುಡುಕುತ್ತಾ ಪರ್ಸಿಗೆ ಕೈ ಹಾಕಿದ್ದಾನೆ. ಜಿಪ್ ಇನ್ನೂ ಪೂರ್ತಿ ತೆಗೆದಿರಲಿಲ್ಲ. ನನ್ನ ಕೈಕಾಲು ನಿಂತಲ್ಲೇ ನಡುಗಿದವು. ಅಂದಿನಿಂದ ಮೈಮೇಲೆ ಇಲ್ಲದಿದ್ದರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಮೂರನೇ ಜಾಗ ಇಲ್ಲ.

ಈಗ ಹೊಟ್ಟೆಪಟ್ಟಿ ಬಳಸುತ್ತೇನೆ. ಬಾಣಂತಿಯರು ಕಟ್ಟುತ್ತಾರಲ್ಲ, ಹಾಗೆ ಎಲಾಸ್ಟಿಕ್ ಪಟ್ಟಿ, ಕುರ್ತಾದ ಒಳಗೆ. ಆದರೆ ಬರೀ ಎಲಾಸ್ಟಿಕ್ ಜೇಬು ಇದ್ದರೆ ಸುಬೇದಾರ್ ಅಣ್ಣ ಹೇಳಿದ ಮೆತ್ತನೆ ಚೀಲದ ತೊಂದರೆಯೇ. ಹಾಗಾಗಿ ಅದರೊಳಗೆ ಗಟ್ಟಿ ಚರ್ಮದ ಚಿಪ್ಪು ಹೊಲಿಸಿಕೊಂಡೆ, ಟ್ರಿಗರ್ ಪೂರ್ತಿ ಮುಚ್ಚುವಂತೆ. ಕುರ್ತಾದ ಪಕ್ಕದ ಸೀಳನ್ನು ನಾಲ್ಕು ಬೆರಳು ಮೇಲಕ್ಕೆ ಬಿಡಿಸಿದ್ದೇನೆ, ಕೈ ಹೋಗಲು. ಟೈಲರ್ ಯಾಕೆ ಅಂತ ಕೇಳಿದ, ಸೆಕೆ ಅಂದೆ. ಸೀರೆ ಉಟ್ಟ ದಿನ ಒಯ್ಯುವುದೇ ಇಲ್ಲ, ಹಣ ತುಂಬಲು ಮ್ಯಾನೇಜರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ವಾನವಡಿ ಸುಬೇದಾರ್
ತಂಗಿ, ಇದನ್ನು ಓದಿ ನನಗೂ ಒಮ್ಮೆ ಬೆವರಿತು. ಬೀಗದ ಪೆಟ್ಟಿಗೆ ಮಾತು ಚಿನ್ನ.

ವಾಸ್ಕೋ ಕನ್ನಡಿಗ
ಗೋವೆಯಿಂದ ನನ್ನದೊಂದು. ಇಲ್ಲಿ ಸಮುದ್ರದ ಗಾಳಿ, ಉಪ್ಪು. ಮಳೆಗಾಲದಲ್ಲಿ ಗೋಡೆಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ನಮ್ಮ ಮಾಲೀಕರ ರಿವಾಲ್ವರ್ ಜುಲೈಯಲ್ಲಿ ಎರಡು ವಾರ ಚರ್ಮದ ಹೋಲ್‌ಸ್ಟರಿನಲ್ಲೇ ಕಪಾಟಿನಲ್ಲಿ ಮಲಗಿತ್ತು. ತೆಗೆದಾಗ ಸಿಲಿಂಡರ್ ಮೇಲೆ ಕೆಂಪು ಚುಕ್ಕೆ, ಗುಂಡಿನ ಹಿತ್ತಾಳೆಗೆ ಹಸಿರು ಕಿಲುಬು. ಚರ್ಮ ನೀರು ಕುಡಿಯುತ್ತದೆ, ಬೆವರಿನ ಉಪ್ಪನ್ನೂ ಕುಡಿಯುತ್ತದೆ. ಅದರಲ್ಲೂ ಕ್ರೋಮ್ ಹಾಕಿ ಹದ ಮಾಡಿದ ಚರ್ಮದಲ್ಲಿ ಉಳಿದುಕೊಳ್ಳುವ ಲವಣಗಳು ಲೋಹವನ್ನು ತಿನ್ನುತ್ತವೆ. ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದೇ ಬೇಕು.

ರಾತ್ರಿ ಬಿಚ್ಚಿದ ಮೇಲೆ ಹೋಲ್‌ಸ್ಟರಿನಿಂದ ಹೊರತೆಗೆಯಿರಿ, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಕೈ ಆಡಿಸಿದಷ್ಟು ಸಾಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಹೋಲ್‌ಸ್ಟರ್ ಫ್ಯಾನಿನ ಕೆಳಗೆ ಒಣಗಲಿ, ಬಿಸಿಲಿಗೆ ಇಟ್ಟರೆ ಹಪ್ಪಳ.

ಡೊಂಬಿವಲಿ ಲೋಕಲ್
ಅಷ್ಟೆಲ್ಲ ರಗಳೆ ಯಾಕೆ, ಕೈಡೆಕ್ಸ್ ತಗೊಳ್ಳಿ. ಬೆವರು ಹೀರುವುದಿಲ್ಲ, ನಲ್ಲಿ ಕೆಳಗೆ ಹಿಡಿದರೆ ಕ್ಲೀನ್.

ವಾಸ್ಕೋ ಕನ್ನಡಿಗ
ಒಳ್ಳೆಯದೇ. ಆದರೆ ಅದು ಬಿಸಿ ಮಾಡಿ ಅಚ್ಚಿಗೆ ಕೂರಿಸುವ ಪ್ಲಾಸ್ಟಿಕ್ ಹಾಳೆ. ಯಾವ ಗನ್ನಿನ ಅಚ್ಚೋ ಆ ಗನ್ನಿಗೆ ಮಾತ್ರ. ಆನ್‌ಲೈನಿನಲ್ಲಿ ಕಾಣುವುದೆಲ್ಲ ಹೊರದೇಶದ ಪಿಸ್ತೂಲಿನ ಅಚ್ಚು. ಕಾನ್ಪುರದ ಈ ರಿವಾಲ್ವರ್ ಹಳೇ ಬ್ರಿಟಿಷ್ ವೆಬ್ಲಿ ಮಾದರಿಯದ್ದು, ಲಾಚ್ ಬಿಡಿಸಿ ನಳಿಕೆಯನ್ನು ಕೆಳಕ್ಕೆ ಬಾಗಿಸಿ ತೆರೆಯುವಂಥದ್ದು. ಹತ್ತಿರ ಹತ್ತಿರ ಹೊಂದುತ್ತದೆ ಅಂತ ಬೇರೆಯದಕ್ಕೆ ತುರುಕಬೇಡಿ. ಅದರ ಅಳತೆಗೇ ಮಾಡಿಕೊಡುವವರು ಸಿಕ್ಕರೆ ಮಾತ್ರ.

ಕಾತ್ರಜ್ ಗೌಡ್ರು
ಅಳತಿಗೆ ಮಾಡವ್ರು ಬೇಕಂದ್ರ ಅಥಣಿಗೆ ಹೋಗ್ರಿ! ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತೆಲ್ಲಾ ಕರೀತೈತಿ, ಭಾಳಷ್ಟು ಹೊಲಿಯೂದು ನಮ್ಮ ಅಥಣಿ, ನಿಪ್ಪಾಣಿ ಮಂದಿ. 2019ರಾಗ ಸಿಕ್ಕ ಜಿಐ (ಭೌಗೋಳಿಕ ಗುರುತು) ಟ್ಯಾಗಿನ್ಯಾಗೂ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ ಅದಾವ. ಆ ತೊಗಲು ಕ್ರೋಮ್ ಅಲ್ರಿ, ಗಿಡದ ತೊಗಟಿ ಹದ. ಕಟಿಗಿ ಇದ್ದಂಗ ಗಟ್ಟಿ. ನಾನು ಅಲ್ಲಿಂದ ಕೋವಿಯ ತೋಟಾದ ಪಟ್ಟಾ ಹೊಲಿಸೇನಿ, ಹನ್ನೊಂದು ವರ್ಷ ಆತು, ಹೊಲಿಗಿ ಬಿಟ್ಟಿಲ್ಲ.

ಒಂದು ಮಾತು ಮಾತ್ರ ನೆನಪಿಡ್ರಿ. ನಿಮ್ಮ ಲೈಸೆನ್ಸ್ ಮಹಾರಾಷ್ಟ್ರಕ್ಕಷ್ಟ ಇದ್ರ ಕರ್ನಾಟಕದ ಗಡಿಯ ಕೊಗನೊಳ್ಳಿ ನಾಕಾ ದಾಟಿದ ಕೂಡ್ಲೆ ಅದು ಲೈಸೆನ್ಸ್ ಇಲ್ಲದ ಹತಿಯಾರ. ಪುಸ್ತಕದಾಗ ಯಾವ ಯಾವ ರಾಜ್ಯ ಅಂತ ಬರದಾರ ನೋಡ್ಕೋರಿ. ಇಲ್ಲಂದ್ರ ಗನ್ ಮನ್ಯಾಗ ಬಿಟ್ಟು, ಅಳತಿ ಕಾಗದಾ ಒಯ್ರಿ.

ಚೆಂಬೂರ್ ಗಲ್ಲಾ
ನನ್ನದು ಮಹಾರಾಷ್ಟ್ರಕ್ಕೆ ಮಾತ್ರ. ಹಾಗಾದರೆ ಕಟ್ಟಿಗೆಯಲ್ಲಿ ಅದೇ ಆಕಾರ ಕೆತ್ತಿಸಿಕೊಂಡು ಹೋಗುತ್ತೇನೆ. ನಮ್ಮ ಹೋಟೆಲಿಗೆ ಮೇಜು ರಿಪೇರಿಗೆ ಬರುವ ಬಡಗಿ ಉಂಟು.

ಡೊಂಬಿವಲಿ ಲೋಕಲ್
ನಾಚಿಕೆ ಬಿಟ್ಟು ಕೇಳುತ್ತೇನೆ. ಸಂಡಾಸಿಗೆ ಹೋಗುವಾಗ ಏನು ಮಾಡುತ್ತೀರಿ?

ವಾನವಡಿ ಸುಬೇದಾರ್
ಇಷ್ಟು ಹೊತ್ತಿನಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ. ಗನ್ ಹೋಲ್‌ಸ್ಟರಿನಿಂದ ಹೊರಗೆ ಬರಬಾರದು. ಫ್ಲಶ್ ಟ್ಯಾಂಕಿನ ಮೇಲೆ, ಬಾಗಿಲ ಮೊಳೆಗೆ, ಕಿಟಕಿಯ ಮೇಲೆ ಇಡಲೇಬಾರದು. ಇಟ್ಟವನು ಒಂದಲ್ಲ ಒಂದು ದಿನ ಮರೆತು ಬರುತ್ತಾನೆ. ಕಮೋಡ್ ಇರುವಲ್ಲಿ ಪ್ಯಾಂಟು ಮೊಣಕಾಲಿನ ಮಟ್ಟದಲ್ಲಿ ನಿಲ್ಲಲಿ, ಬಕಲ್ ಮತ್ತೆ ಹಾಕಿಕೊಳ್ಳಿ, ತೂಕಕ್ಕೆ ತಲೆಕೆಳಗಾಗುವುದಿಲ್ಲ. ಕುಕ್ಕರಗಾಲಿನ ಸಂಡಾಸಾದರೆ ಮನೆಗೆ ಹೋಗುವವರೆಗೆ ತಡೆದುಕೊಳ್ಳಿ ಅಂತಲೇ ನನ್ನ ಸಲಹೆ.

ಸಯಾನ್ ಭಟ್ರು
ದೇವಸ್ಥಾನವನ್ನೂ ಸೇರಿಸಿ. ನಮ್ಮ ಕಡೆ ಗರ್ಭಗುಡಿಯ ಹತ್ತಿರ ಅಂಗಿ ಬಿಚ್ಚಬೇಕು. ಅಂಗಿ ಬಿಚ್ಚಿದ ಮೇಲೆ ಮುಚ್ಚುವುದು ಎಲ್ಲಿ? ಪೂಜೆ ಇದ್ದ ದಿನ ಪೆಟ್ಟಿಗೆಯಲ್ಲೇ ಇರಲಿ. ಕುಡಿಯುವ ದಿನವೂ. ಗೋವೆಯವರು ಬೇಜಾರು ಮಾಡಿಕೊಳ್ಳಬೇಡಿ.

ವಾಸ್ಕೋ ಕನ್ನಡಿಗ
ಗೋವೆಯಲ್ಲಿ ಕುಡಿಯುವವರೆಲ್ಲ ಮುಂಬೈಯಿಂದ ಬಂದವರು ಭಟ್ರೆ.

ಚೆಂಬೂರ್ ಗಲ್ಲಾ
ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಅವಸರಕ್ಕೆ ಮೊದಲು ಧಾರಾವಿಯಲ್ಲಿ ಒಂದು ಹೊಲಿಸಿದೆ. ಹುಡುಗನ ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಆದರೆ ಚರ್ಮ ಜಾಕೆಟ್ಟಿನದ್ದು, ಮೆತ್ತಗೆ. ಹತ್ತು ದಿನಕ್ಕೆ ಬಾಯಿ ಕುಸಿದು ಒಂದು ಮಡಿಕೆ ಒಳಕ್ಕೆ ಬಂತು, ಸರಿಯಾಗಿ ಟ್ರಿಗರ್ ಹೋಗುವ ಜಾಗಕ್ಕೆ. ನೀವು ಹೇಳಿದ್ದು ನೆನಪಾಗಿ ಅವತ್ತೇ ಕತ್ತರಿ ಹಾಕಿದೆ.

ಆಮೇಲೆ ಮರದ ಅಚ್ಚು ಹಿಡಿದುಕೊಂಡು ಅಥಣಿಗೆ ಹೋದೆ. ಅಲ್ಲಿನ ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿ "ಇದರ ಹೊಟ್ಟಿ ದಪ್ಪ ಐತಿ, ನಿಮ್ಮಂಗ" ಅಂದ. ಸಿಲಿಂಡರ್ ವಿಷಯ ಹೇಳಿದ್ದು! ಆ ಉಬ್ಬಿಗೇ ಜಾಗ ಬಿಟ್ಟು, ಮೈ ಕಡೆಯ ಚರ್ಮವನ್ನು ಎರಡು ಬೆರಳು ಎತ್ತರ ಬಿಟ್ಟು ಕತ್ತರಿಸಿದ. ಹಿಂದೆ ಚಾಚಿದ ಹ್ಯಾಮರಿನ ಕೊಂಬು ಹೊಟ್ಟೆಗೆ ತಾಗದಿರಲಿ, ಬೆವರು ಲೋಹಕ್ಕೆ ಹತ್ತದಿರಲಿ ಅಂತ. ಬಾಯಿಗೆ ಇನ್ನೊಂದು ಪದರ ಪಟ್ಟಿ, ಮೇಲೆ ಹೆಬ್ಬೆರಳಿನಲ್ಲಿ ಬಿಚ್ಚುವ ಗುಂಡಿ. ಹೋಲ್‌ಸ್ಟರಿಗೆ 1,400, ಬೆಲ್ಟಿಗೆ 900 ಕೊಟ್ಟೆ.

ಮೊದಲ ವಾರ ರಿವಾಲ್ವರ್ ಹೊರಗೇ ಬರುತ್ತಿರಲಿಲ್ಲ, ಅಷ್ಟು ಬಿಗಿ.

ವಾನವಡಿ ಸುಬೇದಾರ್
ಎಣ್ಣೆ ಹಚ್ಚಿಲ್ಲ ತಾನೇ?

ಚೆಂಬೂರ್ ಗಲ್ಲಾ
ಇಲ್ಲ ಸಾಹೇಬ್ರೆ. ಅಜ್ಜನೇ ಬೇಡ ಅಂದ, ಎಣ್ಣೆ ಕುಡಿದರೆ ತೊಗಲು ನೆನೆದ ರೊಟ್ಟಿ ಆಗುತ್ತದಂತೆ. ಮರದ ಅಚ್ಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಎರಡು ರಾತ್ರಿ ಒಳಗೆ ತುರುಕಿಟ್ಟೆ. ಸರಿಯಾಯಿತು. ಗುಂಡಿಪಟ್ಟಿ ಎಡಬದಿಯ ಲಾಚಿನ ಮೇಲೆ ಒತ್ತುತ್ತಿತ್ತು, ಅದನ್ನು ಅರ್ಧ ಇಂಚು ಸರಿಸಿ ಹೊಲಿಸಿದೆ. ಈಗ ನಾಲ್ಕು ಗಂಟೆಯ ಜಾಗದಲ್ಲಿ ಕೂತಿದೆ. ಗಲ್ಲಾದ ಕುರ್ಚಿಯ ಕೈಗೆ ಬಡಿಯುತ್ತಿತ್ತು, ಬಲಗಡೆಯ ಕೈಯನ್ನು ಬಡಗಿ ಗರಗಸದಲ್ಲಿ ತೆಗೆದುಬಿಟ್ಟ. ಹತ್ತು ಗಂಟೆ ಕೂತರೂ ಚುಚ್ಚುವುದಿಲ್ಲ. ಸಂಜೆ ಐದರ ಮೇಲೆ ಭಾರ ಅನಿಸುತ್ತದೆ, ಅಷ್ಟೇ.

ವಾನವಡಿ ಸುಬೇದಾರ್
ಭಾರ ಅನಿಸಲಿ. ಇದೆ ಅಂತ ನೆನಪಿರುತ್ತದೆ.

ಚಾಕಣ ಅಕ್ಕ
ಅಣ್ಣಾ, ಆ ಅಜ್ಜನ ಅಂಗಡಿ ಅಥಣಿಯಲ್ಲಿ ಯಾವ ಕಡೆ? ಖಾಸಗಿ ಸಂದೇಶದಲ್ಲಿ ಕಳಿಸಿ. ನನ್ನ ಚಿಪ್ಪಿನ ಹೊಲಿಗೆ ಬಿಡುತ್ತಿದೆ.

ಹಡಪ್ಸರ್ ಹುಡುಗ
ಆ ಹಿರ್‍ಯಾರಿಗೂ ಒಂದು ಹೊಲಿಸೂಣು ಅಂತ ಅದೀನ್ರಿ. ಧೋತರಕ್ಕ ಬೆಲ್ಟ್ ಎಲ್ಲಿ ಹಾಕೂದು, ಅದನ್ನೂ ಹೇಳ್ರಿ.

ಕಾತ್ರಜ್ ಗೌಡ್ರು
ಧೋತರದ ಒಳಗ ಚಡ್ಡಿ, ಚಡ್ಡಿ ಮ್ಯಾಲ ಬೆಲ್ಟ್. ಮ್ಯಾಲ ಉದ್ದನ್ನ ನೆಹರು ಶರ್ಟ್. ನಮ್ಮ ಅಪ್ಪ ರೊಕ್ಕದ ಪಟ್ಟಾ ಹಂಗ ಕಟ್ಟತಿದ್ದ.

ಚೆಂಬೂರ್ ಗಲ್ಲಾ
ಇನ್ನೊಂದು ಸುದ್ದಿ. ಚುನಾವಣೆ ಘೋಷಣೆ ಆಯಿತಲ್ಲ, ಠಾಣೆಯಿಂದ ಫೋನ್ ಬಂತು. ನಿನ್ನೆ ರಿವಾಲ್ವರ್, ಗುಂಡು ಎರಡನ್ನೂ ಜಮಾ ಮಾಡಿ ರಸೀದಿ ತಂದೆ. ಫಲಿತಾಂಶ ಬಂದ ಮೇಲೆ ವಾಪಸ್. ಇಷ್ಟು ಪಾಡುಪಟ್ಟು ಹೊಲಿಸಿದ ಹೋಲ್‌ಸ್ಟರ್ ಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಮಗಳು ಅದರಲ್ಲಿ ಟಿವಿ ರಿಮೋಟ್ ಇಟ್ಟಿದ್ದಾಳೆ.

ಡೊಂಬಿವಲಿ ಲೋಕಲ್
ಸರಿಯಾಗಿ ಕೂರುತ್ತದಾ?

ಚೆಂಬೂರ್ ಗಲ್ಲಾ
ತಲೆಕೆಳಗೆ ಹಿಡಿದರೂ ಬೀಳುವುದಿಲ್ಲ. ಆದರೆ ಅಮ್ಮನಿಗೆ ಆ ಗುಂಡಿ ಬಿಚ್ಚಲು ಬರುವುದಿಲ್ಲವಂತೆ. ಧಾರಾವಾಹಿ ತಪ್ಪಿತು ಅಂತ ಬೆಳಿಗ್ಗೆಯಿಂದ ನನಗೇ ಬೈಗುಳ.